ಕಾಡುನಿಂಬೆ: ಕುರುಚಲು ಕಾಡಿನ ಅಪರೂಪದ ಹೂಪೊದೆ – ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಸಾರ್ವಜನಿಕರು ಸಸಿಗಳನ್ನು ಪಡೆಯಲು, ಜಮೀನಿನಲ್ಲಿರುವ ಮರ ಕಡಿಯಲು ಅನುಮತಿ ಕೋರಲು, ಔಷಧೀಯ ಸಸ್ಯಗಳ ಸಂಗ್ರಹಣೆಯ ಬಗ್ಗೆ ವಿಚಾರಿಸಲು ಹಾಗೂ ಗ್ರಾಮದ ಜೀವವೈವಿಧ್ಯ ದಾಖಲಾತಿಯಲ್ಲಿ ಮಾಹಿತಿ ಸೇರಿಸಲು ಸರ್ಕಾರಿ ಕಚೇರಿಗಳಿಗೆ ಅರ್ಜಿ ಸಲ್ಲಿಸುತ್ತಾರೆ. ಇಂತಹ ಸಂದರ್ಭಗಳಲ್ಲಿ ಸಾಗುವಾನಿ, ಶ್ರೀಗಂಧ, ಬೇವು, ಮಾವು ಮುಂತಾದ ಮರಗಳ ಬಗ್ಗೆ ಸಾಕಷ್ಟು ತಿಳಿವಳಿಕೆ ಇರುತ್ತದೆ. ಆದರೆ ಬದುವಿನಲ್ಲಿ, ಗುಡ್ಡದ ಇಳಿಜಾರಿನಲ್ಲಿ, ಹಳೆಯ ಕೋಟೆಯ ಕಲ್ಲುಗಳ ನಡುವೆ ಬೆಳೆಯುವ ಪೊದೆಗಿಡಗಳು "ಕಸಗಂಟಿ" ಎಂಬ ಒಂದೇ ಮಾತಿನಲ್ಲಿ ಸೇರಿಹೋಗುತ್ತವೆ. ಅಂತಹ ಗಿಡಗಳಲ್ಲಿ ಕಾಡುನಿಂಬೆಯೂ ಒಂದು.

ಈ ಸಸ್ಯವನ್ನು ಗುರುತಿಸುವ ವಿಧಾನ, ಅದರ ಪ್ರಾಮುಖ್ಯತೆ, ಅದಕ್ಕೆ ಅನ್ವಯಿಸುವ ಕಾನೂನು ಮತ್ತು ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಸಸ್ಯದ ಪರಿಚಯ

ಕಾಡುನಿಂಬೆಯು ನಿಂಬೆ, ಕಿತ್ತಳೆ, ಮಾದಲ, ಬಿಲ್ವಪತ್ರೆ, ಕರಿಬೇವು ಇವುಗಳನ್ನು ಒಳಗೊಂಡ ರೂಟೇಸಿ ಕುಟುಂಬಕ್ಕೆ ಸೇರಿದೆ. ಇದರ ಸಸ್ಯಶಾಸ್ತ್ರೀಯ ಹೆಸರು ಅಟಲಾಂಟಿಯ ಮಾನೋಫಿಲ್ಲಾ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1771ರಲ್ಲಿ ಇದನ್ನು ಲಿಮೋನಿಯಾ ಮಾನೋಫಿಲ್ಲಾ ಎಂಬ ಹೆಸರಿನಲ್ಲಿ ವರ್ಣಿಸಿದನು. 1805ರಲ್ಲಿ ಪೋರ್ಚುಗಲ್ಲಿನ ಸಸ್ಯವಿಜ್ಞಾನಿ ಕೊರೆಯಾ ದ ಸೆರ್ರಾ ಅಟಲಾಂಟಿಯ ಎಂಬ ಪ್ರತ್ಯೇಕ ಜಾತಿಯನ್ನು ಸ್ಥಾಪಿಸಿದ ತರುವಾಯ ಈ ಪ್ರಭೇದವನ್ನು ಅದಕ್ಕೆ ಸೇರಿಸಲಾಯಿತು. ಅಟಲಾಂಟ ಎಂಬುದು ಗ್ರೀಕ್ ಪುರಾಣದ ಕನ್ಯೆಯೊಬ್ಬಳ ಹೆಸರು. ಓಟದ ಪಂದ್ಯದಲ್ಲಿ ಚಿನ್ನದ ಹಣ್ಣುಗಳ ಆಸೆಗೆ ನಿಂತು ಆಕೆ ಸೋತಳೆಂಬ ಕಥೆಯಿದೆ. ಮಾನೋಫಿಲ್ಲಾ ಎಂದರೆ ಒಂದೇ ಎಲೆಯುಳ್ಳದ್ದು ಎಂದರ್ಥ. ಬಿಲ್ವಪತ್ರೆಯಲ್ಲಿ ಒಂದು ತೊಟ್ಟಿಗೆ ಮೂರು ಎಲೆಗಳಿರುವಂತೆ ಇದರಲ್ಲಿ ಇರುವುದಿಲ್ಲ. ತೊಟ್ಟಿಗೆ ಒಂದೇ ಎಲೆ ಇರುವುದರಿಂದ ಈ ಹೆಸರು ಬಂದಿದೆ.

ಸಂಸ್ಕೃತದಲ್ಲಿ ಇದನ್ನು ಅಟವೀಜಂಬೀರ ಎನ್ನುತ್ತಾರೆ. ಕನ್ನಡದ ಕಾಡುನಿಂಬೆ ಮತ್ತು ಅಡವಿನಿಂಬೆ ಎಂಬ ಹೆಸರುಗಳಿಗೂ ಇದೇ ಅರ್ಥ. ಮರಾಠಿಯಲ್ಲಿ ಮಾಕಡ್ ಲಿಂಬು, ಅಂದರೆ ಕೋತಿ ನಿಂಬೆ ಎಂದೂ, ಮಲಯಾಳದಲ್ಲಿ ಕಾಟ್ಟುನಾರಗಂ ಎಂದೂ, ತಮಿಳಿನಲ್ಲಿ ಕುರುಂದು ಎಂದೂ ಕರೆಯುತ್ತಾರೆ. ತಮಿಳುನಾಡಿನ ಆವುಡೈಯಾರ್‌ಕೋಯಿಲ್ ಎಂಬ ಶಿವಕ್ಷೇತ್ರದಲ್ಲಿ ಕುರುಂದು ಸ್ಥಳವೃಕ್ಷವಾಗಿದ್ದು, ಶೈವ ಸಂತ ಮಾಣಿಕ್ಯವಾಚಕರಿಗೆ ಅದರ ಅಡಿಯಲ್ಲಿಯೇ ದೀಕ್ಷೆ ದೊರೆಯಿತೆಂದು ಭಕ್ತರು ನಂಬುತ್ತಾರೆ. ಒಂದು ನಾಡಿನಲ್ಲಿ ಪೂಜೆಗೆ ಸಲ್ಲುವ ಗಿಡವೇ ಇನ್ನೊಂದು ನಾಡಿನಲ್ಲಿ ಬೇಲಿಯ ಮುಳ್ಳುಗಂಟಿಯಾಗಿ ಕುಡುಗೋಲಿಗೆ ಈಡಾಗುವುದುಂಟು.

ಒಂದೇ ಹೆಸರಿನಲ್ಲಿ ಬೇರೆ ಬೇರೆ ಗಿಡಗಳನ್ನು ಕರೆಯುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಕಾಡುನಿಂಬೆ ಎಂಬ ಹೆಸರೂ ಇದಕ್ಕೆ ಹೊರತಲ್ಲ. ಆದ್ದರಿಂದ ಅರ್ಜಿಯಲ್ಲಿ ಅಥವಾ ದಾಖಲಾತಿಯಲ್ಲಿ ಬರೆಯುವಾಗ ಕೇವಲ ಹೆಸರನ್ನು ಅವಲಂಬಿಸದೆ ಲಕ್ಷಣಗಳನ್ನು ನೋಡಿ ಖಚಿತಪಡಿಸಿಕೊಳ್ಳುವುದು ಅಗತ್ಯ.

2. ಗುರುತಿಸುವ ವಿಧಾನ

(1) ಗಾತ್ರ: ಸಾಮಾನ್ಯವಾಗಿ ಆಳೆತ್ತರದ ದಟ್ಟ ಪೊದೆ. ಕಡಿಯದೆ, ಮೇಯಿಸದೆ ಬಿಟ್ಟ ಸ್ಥಳದಲ್ಲಿ ಸಣ್ಣ ಮರವಾಗಿಯೂ ಬೆಳೆಯುತ್ತದೆ. ವರ್ಷವಿಡೀ ಹಸಿರಾಗಿರುತ್ತದೆ. ಬೇಸಿಗೆಯಲ್ಲಿ ಸುತ್ತಲಿನ ಗಿಡಮರಗಳು ಎಲೆ ಉದುರಿಸಿ ನಿಂತಾಗ ಇದರ ಹಸಿರು ಎದ್ದು ಕಾಣುತ್ತದೆ.

(2) ಮುಳ್ಳು: ಎಲೆಯ ಬುಡದಲ್ಲಿ ನೇರವಾದ, ಗಟ್ಟಿಯಾದ, ಚಿಕ್ಕ ಮುಳ್ಳುಗಳಿರುತ್ತವೆ. ಕೆಲವು ಕೊಂಬೆಗಳಲ್ಲಿ ಮುಳ್ಳು ಇಲ್ಲದೆಯೂ ಇರಬಹುದು.

(3) ಎಲೆ: ತೊಟ್ಟಿಗೆ ಒಂದೇ ಎಲೆ. ಮೊಟ್ಟೆಯಾಕಾರ, ದಪ್ಪ, ನುಣುಪು, ಮೇಲ್ಭಾಗದಲ್ಲಿ ಹೊಳಪು. ಎಲೆಯ ತುದಿಯಲ್ಲಿ ಸಣ್ಣ ಕಚ್ಚು ಇರುವುದು ಇದರ ಮುಖ್ಯ ಗುರುತು. ಬೆಳಕಿಗೆ ಹಿಡಿದಾಗ ಎಲೆಯಲ್ಲಿ ಸೂಜಿಯ ಮೊನೆಯಷ್ಟು ಚುಕ್ಕೆಗಳು ತೋರುತ್ತವೆ. ಇವು ಸುಗಂಧತೈಲದ ಗ್ರಂಥಿಗಳು. ಎಲೆಯನ್ನು ಹಿಸುಕಿದರೆ ನಿಂಬೆಯ ವಾಸನೆ ಬರುತ್ತದೆ.

(4) ಹೂ: ಎಲೆಯ ಕಂಕುಳಲ್ಲಿ ಚಿಕ್ಕ ಗೊಂಚಲುಗಳಲ್ಲಿ ಬಿಳಿಯ, ಪರಿಮಳಯುಕ್ತ ಹೂಗಳು ಬಿಡುತ್ತವೆ. ಎಸಳುಗಳು 4 ಅಥವಾ 5. ಕೇಸರಗಳ ದಂಟುಗಳು ಬುಡದಲ್ಲಿ ಕೂಡಿಕೊಂಡು ಕೊಳವೆಯಂತೆ ಆಗಿರುತ್ತವೆ. ಹೂವಿನ ಹಸಿರು ಪುಷ್ಪಪಾತ್ರೆಯು ಸಮನಾಗಿ ಬಿರಿಯದೆ ಅಡ್ಡಾದಿಡ್ಡಿಯಾಗಿ ಸೀಳಿಕೊಂಡಿರುತ್ತದೆ. ಇದೇ ಜಾತಿಯ ಇನ್ನೊಂದು ಪ್ರಭೇದವಾದ ಅಟಲಾಂಟಿಯ ರೆಸಿಮೋಸಾದಲ್ಲಿ ಪುಷ್ಪಪಾತ್ರೆ ಸಮವಾಗಿ ಸೀಳಿರುತ್ತದೆ. ಎರಡನ್ನೂ ಬೇರ್ಪಡಿಸಲು ಇದು ನೆರವಾಗುತ್ತದೆ.

(5) ಹಣ್ಣು: ಗುಂಡನೆಯ ಚಿಕ್ಕ ನಿಂಬೆಯಂತೆ ಕಾಣುತ್ತದೆ. ಅಡ್ಡಳತೆ ಸುಮಾರು 1.5ರಿಂದ 2 ಸೆಂ.ಮೀ. ಮೊದಲು ಹಸಿರು, ಮಾಗಿದಾಗ ಹಸಿರು ಮಿಶ್ರಿತ ಹಳದಿ ಬಣ್ಣ. ಒಳಗೆ ಕೆಲವೇ ತೊಳೆಗಳು ಮತ್ತು ಬೀಜಗಳಿರುತ್ತವೆ. ಮನೆಯ ನಿಂಬೆಯಷ್ಟು ರಸ ಇರುವುದಿಲ್ಲ.

3. ಕಾಡುನಿಂಬೆಯೊಂದಿಗೆ ಗೊಂದಲಕ್ಕೆ ಕಾರಣವಾಗುವ ಗಿಡಗಳು

ನಾಯಿಬೇಲ: ಇದೂ ನಿಂಬೆಯ ಕುಟುಂಬದ ಮುಳ್ಳುಗಿಡ. ಆದರೆ ಇದರ ಒಂದು ಎಲೆಯಲ್ಲಿ ಹಲವು ಕಿರುಎಲೆಗಳಿದ್ದು, ಅವುಗಳ ನಡುವಿನ ದಂಟು ರೆಕ್ಕೆಯಂತೆ ಅಗಲವಾಗಿರುತ್ತದೆ. ಕಿರುಎಲೆಗಳ ಅಂಚು ಗರಗಸದಂತೆ ಸಣ್ಣ ಸಣ್ಣ ಅಲೆಗಳಾಗಿರುತ್ತದೆ.

ಬೆಳವಲ ಅಥವಾ ಬೇಲ: ಇದು ದೊಡ್ಡ ಮರ. ಹಣ್ಣಿನ ಹೊರಗವಚವು ಕಟ್ಟಿಗೆಯಂತೆ ಗಟ್ಟಿ. ಎಲೆಯಲ್ಲಿ ಹಲವು ಕಿರುಎಲೆಗಳು.

ಬಿಲ್ವಪತ್ರೆ: ಒಂದು ತೊಟ್ಟಿಗೆ ಮೂರು ಎಲೆ.

ಕಾಡುಕರಿಬೇವು: ಮುಳ್ಳುಗಳಿಲ್ಲ. ಹಲವು ಕಿರುಎಲೆಗಳು, ಸುವಾಸನೆಯ ಬಿಳಿ ಹೂ, ಕೆಂಪು ಹಣ್ಣು. ಉದ್ಯಾನವನಗಳ ಬೇಲಿಗಿಡವಾಗಿ ನಗರಗಳಲ್ಲಿ ಧಾರಾಳವಾಗಿ ಕಾಣಬಹುದು. ಆದರೆ ಕಾಡಿನಲ್ಲಿ ತಾನಾಗಿ ಬೆಳೆದ ಗಿಡ ಮತ್ತು ನರ್ಸರಿಯಿಂದ ತಂದು ನೆಟ್ಟ ಗಿಡ ಇವೆರಡನ್ನೂ ದಾಖಲಾತಿಯಲ್ಲಿ ಬೇರೆಬೇರೆಯಾಗಿ ನಮೂದಿಸುವುದು ಅವಶ್ಯಕ.

ಸಾಮಾನ್ಯ ನಿಂಬೆ: ಹಕ್ಕಿ ಅಥವಾ ದನಗಳಿಂದ ಬೀಜ ಬಿದ್ದು ಹೊಲದ ಬದುವಿನಲ್ಲಿ ಹುಟ್ಟಿದ ನಿಂಬೆಗಿಡವನ್ನು ಕಾಡುನಿಂಬೆ ಎಂದು ತಿಳಿಯುವುದುಂಟು. ನಿಂಬೆಯ ಎಲೆಯು ತೊಟ್ಟಿಗೆ ಸೇರುವಲ್ಲಿ ಸ್ಪಷ್ಟವಾದ ಗೆಣ್ಣು ಹಾಗೂ ಕಿರಿದಾದ ರೆಕ್ಕೆ ಇರುತ್ತದೆ. ತುದಿಯ ಕಚ್ಚು ಕಾಡುನಿಂಬೆಯಲ್ಲಿರುವಷ್ಟು ಸ್ಪಷ್ಟವಾಗಿರುವುದಿಲ್ಲ.

4. ನಾಲ್ಕು ತಾಲ್ಲೂಕುಗಳು ಮತ್ತು ಸಸ್ಯದ ನೆಲೆ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಪಶ್ಚಿಮದ ಮಲೆನಾಡಿಗೂ ಪೂರ್ವದ ಬಯಲುಸೀಮೆಗೂ ಮಧ್ಯದಲ್ಲಿರುವ ಈ ಜಿಲ್ಲೆಯಲ್ಲಿ ಕೆಲವೇ ಹತ್ತು ಕಿಲೋಮೀಟರುಗಳ ಅಂತರದಲ್ಲಿ ಮಳೆಯೂ ಮಣ್ಣೂ ಬದಲಾಗುತ್ತವೆ. ಹಾನಗಲ್ಲ ತಾಲ್ಲೂಕಿನ ಪಶ್ಚಿಮ ಭಾಗವು ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಕ್ಕೆ ಹೊಂದಿಕೊಂಡಿದ್ದು ಎಲೆ ಉದುರುವ ಕಾಡಿನ ಅಂಚಾಗಿದೆ. ಶಿಗ್ಗಾಂವಿಯು ಅರೆಮಲೆನಾಡಿನ ಲಕ್ಷಣಗಳುಳ್ಳ ತಾಲ್ಲೂಕು. ಹಿರೇಕೆರೂರು ಶಿವಮೊಗ್ಗ ಜಿಲ್ಲೆಯ ಕಡೆಗೆ ಚಾಚಿದ್ದು ಗುಡ್ಡ ಮತ್ತು ಕೆರೆಗಳ ಸೀಮೆ. ಸವಣೂರು ಬಹುಮಟ್ಟಿಗೆ ಬಯಲು ಭೂಮಿ.

ಕಾಡುನಿಂಬೆಯು ದಟ್ಟ ಮಳೆಕಾಡಿಗಿಂತ ಹೆಚ್ಚಾಗಿ ಒಣ ಎಲೆ ಉದುರುವ ಕಾಡು, ಕುರುಚಲು ಕಾಡು ಮತ್ತು ಕಲ್ಲುಗುಡ್ಡಗಳ ಸಸ್ಯ. ಆದ್ದರಿಂದ ಮೇಲ್ಕಂಡ ತಾಲ್ಲೂಕುಗಳಲ್ಲಿ ಇದನ್ನು ಹುಡುಕಬೇಕಾದ ಸ್ಥಳಗಳೆಂದರೆ:

• ಗುಡ್ಡದ ಇಳಿಜಾರು ಮತ್ತು ಬಂಡೆಗಳ ಸಂದು;
• ದೇವರ ಹೆಸರಿನಲ್ಲಿ ಬಿಟ್ಟ ಬನಗಳು;
• ಹಳೆಯ ಕೋಟೆ, ಕಂದಕ ಮತ್ತು ಪಾಳುಬಿದ್ದ ದೇವಾಲಯಗಳ ಸುತ್ತಲಿನ ಪ್ರದೇಶ;
• ಕೆರೆಯ ಏರಿಯ ಹಿಂಬದಿ ಹಾಗೂ ಹಳ್ಳದ ದಂಡೆ;
• ತಲೆಮಾರುಗಳಿಂದ ಕಡಿಯದೆ ಉಳಿದ ಹೊಲದ ಬದು ಮತ್ತು ಬೇಲಿ.

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಯ ಪ್ರದೇಶವು ಇದಕ್ಕೆ ಒಳ್ಳೆಯ ನಿದರ್ಶನ. ಕೋಟೆಯ ಒಳಗಿನ ಹುಲ್ಲು ಮತ್ತು ಪೊದೆಗಳ ಆಸರೆಯಲ್ಲಿ ನವಿಲುಗಳು ನೆಲೆಸಿರುವುದರಿಂದ 2006ರಲ್ಲಿ ಅದನ್ನು ನವಿಲು ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿ ರಕ್ಷಣೆ ದೊರೆತದ್ದು ನವಿಲಿನ ಹೆಸರಿನಲ್ಲಿ. ಆದರೆ ಆ ರಕ್ಷಣೆಯ ಲಾಭವು ನವಿಲಿಗೆ ಆಸರೆಯಾದ ಎಲ್ಲ ಪೊದೆಗಳಿಗೂ ದೊರೆಯುತ್ತದೆ. ಕುರುಚಲು ಕಾಡು ಎಂಬುದು "ಖಾಲಿ ಜಾಗ" ಅಲ್ಲ ಎಂಬುದನ್ನು ಇದು ತೋರಿಸುತ್ತದೆ.

ಸವಣೂರಿನ ದೊಡ್ಡಹುಣಸೆ ಮರಗಳು ಇನ್ನೊಂದು ನಿದರ್ಶನ. ಆಫ್ರಿಕಾ ಮೂಲದ ಈ ಬೃಹತ್ ಮರಗಳನ್ನು ನೋಡಲು ದೂರದಿಂದ ಜನರು ಬರುತ್ತಾರೆ. ಹೊರಗಿನಿಂದ ಬಂದ ಮರವನ್ನು ಗೌರವದಿಂದ ಉಳಿಸಿಕೊಂಡ ಊರುಗಳು ತಮ್ಮದೇ ನೆಲದ ಪೊದೆಗಿಡವನ್ನೂ ಉಳಿಸಿಕೊಳ್ಳಬಲ್ಲವು. ಅದಕ್ಕೆ ಮೊದಲು ಅದರ ಗುರುತು ಸಿಗಬೇಕು.

ಈ ಸೀಮೆಯ ಸಸ್ಯಗಳ ಬಗ್ಗೆ ಹಿಂದೆಯೇ ಅಧ್ಯಯನಗಳು ನಡೆದಿವೆ. ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಥಿಯೋಡೋರ್ ಕುಕ್ 1901ರಿಂದ 1908ರ ಅವಧಿಯಲ್ಲಿ ಪ್ರಾಂತದ ಸಸ್ಯಸಂಪತ್ತಿನ ಗ್ರಂಥವನ್ನು ಪ್ರಕಟಿಸಿದರು. ಅರಣ್ಯಾಧಿಕಾರಿ ಟಾಲ್ಬಟ್ ಅವರ ಅರಣ್ಯ ಸಸ್ಯಗಳ ಗ್ರಂಥವು 1909ರಿಂದ 1911ರ ಅವಧಿಯಲ್ಲಿ ಹೊರಬಂದಿತು. ಫಾದರ್ ಸಿ. ಜೆ. ಸಲ್ಡಾನ್ಹ ಅವರು ಕರ್ನಾಟಕದ ಸಸ್ಯಸಂಪತ್ತನ್ನು ಕುರಿತ ಸಂಪುಟಗಳನ್ನು 1984 ಮತ್ತು 1996ರಲ್ಲಿ ಹೊರತಂದರು. ಇಂತಹ ಗ್ರಂಥಗಳು ಜಿಲ್ಲೆಯ ಮಟ್ಟದಲ್ಲಿ ಸಸ್ಯದ ಇರುವಿಕೆಯನ್ನು ತಿಳಿಸುತ್ತವೆ. ಯಾವ ಗ್ರಾಮದ ಯಾವ ಗುಡ್ಡದಲ್ಲಿ ಎಷ್ಟು ಗಿಡಗಳು ಉಳಿದಿವೆ ಎಂಬ ಮಾಹಿತಿಯನ್ನು ಗ್ರಾಮಸ್ಥರೇ ನೀಡಬೇಕಾಗುತ್ತದೆ.

5. ಉಪಯೋಗಗಳು ಮತ್ತು ಪ್ರಾಮುಖ್ಯತೆ

(ಅ) ಔಷಧೀಯ ಬಳಕೆ: ಹಣ್ಣಿನಿಂದ ತೆಗೆದ ತೈಲವನ್ನು ಹಳೆಯ ಸಂಧಿವಾತ ಮತ್ತು ಪಾರ್ಶ್ವವಾಯುವಿನಲ್ಲಿ ಮೇಲೆ ಹಚ್ಚಲು ದೇಶೀಯ ವೈದ್ಯದಲ್ಲಿ ಬಳಸಲಾಗಿದೆ. ಇದು ಪರಂಪರೆಯ ಬಳಕೆಯ ವಿವರಣೆಯೇ ಹೊರತು ಚಿಕಿತ್ಸೆಯ ಸಲಹೆಯಲ್ಲ. ಅರ್ಹ ವೈದ್ಯರ ಸಲಹೆಯಿಲ್ಲದೆ ಈ ಗಿಡದ ಯಾವುದೇ ಭಾಗವನ್ನು ಸೇವಿಸಬಾರದು ಮತ್ತು ಹಚ್ಚಬಾರದು.

(ಆ) ಆಹಾರ: ಕೆಲವು ಪ್ರದೇಶಗಳಲ್ಲಿ ಇದರ ಕಾಯಿಗಳನ್ನು ಉಪ್ಪಿನಕಾಯಿಗೆ ಬಳಸುವ ರೂಢಿಯಿದೆ.

(ಇ) ಕಟ್ಟಿಗೆ: ಹಳದಿ ಬಣ್ಣದ, ಭಾರವಾದ, ಸೂಕ್ಷ್ಮ ಎಳೆಯ, ಬಹಳ ಗಟ್ಟಿಯಾದ ಕಟ್ಟಿಗೆ. ಚರಕಿ ಹಿಡಿಯುವ ಸಣ್ಣ ಕುಸುರಿ ಕೆಲಸಗಳಿಗೆ ಯೋಗ್ಯವೆಂದು ಹೆಸರಾಗಿದೆ. ಗಿಡ ನಿಧಾನವಾಗಿ ಬೆಳೆಯುವುದರಿಂದ ಒಮ್ಮೆ ಕಡಿದ ಗಾತ್ರವನ್ನು ಮತ್ತೆ ಪಡೆಯಲು ದೀರ್ಘಕಾಲ ಬೇಕು.

(ಈ) ಚಿಟ್ಟೆಗಳಿಗೆ ಆಸರೆ: ನಿಂಬೆ ಚಿಟ್ಟೆ, ಕಾಮನ್ ಮಾರ್ಮನ್ ಮತ್ತು ನೀಲಿ ಪಟ್ಟೆಯ ಬ್ಲೂ ಮಾರ್ಮನ್ ಚಿಟ್ಟೆಗಳ ಹುಳುಗಳು ನಿಂಬೆ ಕುಟುಂಬದ ಗಿಡಗಳ ಎಲೆಗಳನ್ನೇ ತಿಂದು ಬೆಳೆಯುತ್ತವೆ. ಕಾಡಿನಲ್ಲಿ ಅಟಲಾಂಟಿಯ ಪ್ರಭೇದಗಳು ಮಾರ್ಮನ್ ಚಿಟ್ಟೆಗಳಿಗೆ ಆಹಾರಸಸ್ಯಗಳಾಗಿವೆ. ಬ್ಲೂ ಮಾರ್ಮನ್ ಅನ್ನು ನೆರೆಯ ಮಹಾರಾಷ್ಟ್ರವು 2015ರಲ್ಲಿ ತನ್ನ ರಾಜ್ಯ ಚಿಟ್ಟೆಯೆಂದು ಘೋಷಿಸಿದೆ. ಚಿಟ್ಟೆಗೆ ಎಷ್ಟೇ ಮಾನ್ಯತೆ ನೀಡಿದರೂ ಅದರ ಹುಳು ತಿನ್ನುವ ಎಲೆ ಇಲ್ಲದಿದ್ದರೆ ಚಿಟ್ಟೆ ಉಳಿಯುವುದಿಲ್ಲ.

(ಉ) ನಿಂಬೆ ಬೆಳೆಯ ಕಾಡುಬಂಧು: ಸಸ್ಯವಿಜ್ಞಾನಿಗಳು ಅಟಲಾಂಟಿಯವನ್ನು ನಿಂಬೆ-ಕಿತ್ತಳೆಗಳ ಹತ್ತಿರದ ಬಂಧುಗಳ ಗುಂಪಿನಲ್ಲಿ ಇರಿಸಿದ್ದಾರೆ. ತೋಟದ ನಿಂಬೆಗೆ ಬೇರುಕೊಳೆ, ಕಜ್ಜಿರೋಗ, ಹಸಿರು ಕಾಯಿ ರೋಗ ಮುಂತಾದ ತೊಂದರೆಗಳಿವೆ. ಬರ, ಕಲ್ಲುನೆಲ ಮತ್ತು ಬಿಸಿಲನ್ನು ಯಾರ ಆರೈಕೆಯೂ ಇಲ್ಲದೆ ತಾಳಿಕೊಂಡು ಬಂದಿರುವ ಕಾಡುಬಂಧುಗಳ ಗುಣಗಳನ್ನು ವಿಜ್ಞಾನಿಗಳು ಅಭ್ಯಾಸ ಮಾಡುವುದು ಇದೇ ಕಾರಣಕ್ಕೆ. ಒಂದು ಗುಡ್ಡದ ಗಿಡಗಳು ನಾಶವಾದರೆ ಆ ನೆಲಕ್ಕೆ ಹೊಂದಿಕೊಂಡ ತಳಿಯ ಗುಣವೂ ಅವುಗಳೊಂದಿಗೆ ಹೋಗುತ್ತದೆ. ಅದನ್ನು ಯಾವ ನರ್ಸರಿಯಿಂದಲೂ ಮರಳಿ ತರಲಾಗದು.

6. "ಅಪರೂಪ" ಎಂಬುದರ ಅರ್ಥ

ಈ ವಿಷಯದಲ್ಲಿ ಸಾರ್ವಜನಿಕರಲ್ಲಿ ತಪ್ಪು ಕಲ್ಪನೆ ಉಂಟಾಗದಂತೆ ಸ್ಪಷ್ಟಪಡಿಸಲಾಗುತ್ತಿದೆ. ಕಾಡುನಿಂಬೆಯು ಭಾರತ, ಶ್ರೀಲಂಕಾ ಮತ್ತು ಆಗ್ನೇಯ ಏಷ್ಯಾದ ದೇಶಗಳಲ್ಲಿ ಹರಡಿರುವ ಸಸ್ಯ. ಇದು ಜಗತ್ತಿನಿಂದಲೇ ಕಣ್ಮರೆಯಾಗುವ ಹಂತದಲ್ಲಿದೆ ಎಂದು ಭಾವಿಸಬಾರದು. ಆದರೆ ಒಂದು ಸಸ್ಯವು ದೇಶದಲ್ಲಿ ಸಾಕಷ್ಟಿದ್ದರೂ ಒಂದು ತಾಲ್ಲೂಕಿನಲ್ಲಿ ಅಥವಾ ಗ್ರಾಮದಲ್ಲಿ ಅಪರೂಪವಾಗಬಹುದು. ಬಯಲುಸೀಮೆಯಲ್ಲಿ ಕಾಡು ಎಂಬುದು ಹೊಲಗಳ ನಡುವೆ ಅಲ್ಲಲ್ಲಿ ತುಂಡುತುಂಡಾಗಿ ಉಳಿದಿದೆ. ಒಂದು ತುಂಡಿನಲ್ಲಿರುವ ನಾಲ್ಕೈದು ಗಿಡಗಳು ಹೋದರೆ ಮುಂದಿನ ತುಂಡಿನಿಂದ ಬೀಜ ಬಂದು ಬೀಳುವ ಸಂಭವ ಕಡಿಮೆ. ಇದನ್ನು ಸ್ಥಳೀಯ ನಶಿಸುವಿಕೆ ಎನ್ನುತ್ತಾರೆ. ಅದು ಯಾವ ಪಟ್ಟಿಯಲ್ಲಿಯೂ ಕಾಣಿಸಿಕೊಳ್ಳದೆ ಸದ್ದಿಲ್ಲದೆ ನಡೆದುಹೋಗುತ್ತದೆ.

ಕುರುಚಲು ಕಾಡಿನ ಪೊದೆಗಳು ಕ್ಷೀಣಿಸಲು ಮುಖ್ಯ ಕಾರಣಗಳು:

(1) ಕುರುಚಲು ಕಾಡನ್ನು ಬಂಜರು ಎಂದು ಪರಿಗಣಿಸಿ ಸಾಗುವಳಿಗೆ, ನಿವೇಶನಕ್ಕೆ ಅಥವಾ ಗಣಿಗಾರಿಕೆಗೆ ಬಳಸುವುದು.

(2) ಯಂತ್ರಗಳಿಂದ ಬದು, ಬೇಲಿ ಮತ್ತು ಕೆರೆಯ ಅಂಗಳವನ್ನು ಬುಡಸಹಿತ ಸ್ವಚ್ಛಗೊಳಿಸುವುದು. ಹಿಂದೆ ಕುಡುಗೋಲಿನಿಂದ ಸವರಿದ ಗಿಡ ಮುಂದಿನ ಮಳೆಗೆ ಮತ್ತೆ ಚಿಗುರುತ್ತಿತ್ತು. ಯಂತ್ರದಿಂದ ಬೇರುಸಹಿತ ಕಿತ್ತ ಗಿಡ ಚಿಗುರುವುದಿಲ್ಲ.

(3) ಜೀವಂತ ಬೇಲಿಯ ಸ್ಥಾನವನ್ನು ತಂತಿಬೇಲಿ ಆಕ್ರಮಿಸಿರುವುದು.

(4) ಲಂಟಾನ ಮತ್ತು ಬಳ್ಳಾರಿ ಜಾಲಿಯಂತಹ ಹೊರಗಿನ ಗಿಡಗಳು ದಟ್ಟವಾಗಿ ಹರಡಿ ಸ್ಥಳೀಯ ಸಸಿಗಳಿಗೆ ಬೆಳಕಿಲ್ಲದಂತೆ ಮಾಡುವುದು.

(5) ಏಕಜಾತಿಯ ನೆಡುತೋಪುಗಳು. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರವು 2017ರಲ್ಲಿ ನಿಷೇಧಿಸಿದೆ.

(6) ಬೇಸಿಗೆಯ ಬೆಂಕಿ. ದೊಡ್ಡ ಮರಗಳು ಬೆಂಕಿಯಿಂದ ಪಾರಾದರೂ ನೆಲದ ಸಸಿಗಳು ಸುಟ್ಟುಹೋಗುತ್ತವೆ.

7. ಅನ್ವಯಿಸುವ ಕಾನೂನುಗಳು

ಕರ್ನಾಟಕ ಅರಣ್ಯ ಅಧಿನಿಯಮ, 1963: ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಗಿಡ, ಕಟ್ಟಿಗೆ, ಹಣ್ಣು ಮುಂತಾದ ಅರಣ್ಯ ಉತ್ಪನ್ನಗಳನ್ನು ತೆಗೆಯುವುದು ಅಪರಾಧ. ಪೊದೆಗಿಡವೆಂಬ ಕಾರಣಕ್ಕೆ ವಿನಾಯಿತಿ ಇರುವುದಿಲ್ಲ.

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976: ಖಾಸಗಿ ಜಮೀನಿನಲ್ಲಿಯೂ ಮರ ಕಡಿಯುವ ಮೊದಲು, ವಿನಾಯಿತಿ ನೀಡಿದ ಜಾತಿಗಳನ್ನು ಹೊರತುಪಡಿಸಿ, ವೃಕ್ಷ ಅಧಿಕಾರಿಗಳ ಪೂರ್ವಾನುಮತಿ ಅಗತ್ಯ.

ಜೀವವೈವಿಧ್ಯ ಅಧಿನಿಯಮ, 2002: ಜೈವಿಕ ಸಂಪನ್ಮೂಲಗಳನ್ನು ವಾಣಿಜ್ಯ ಉದ್ದೇಶಕ್ಕಾಗಿ ಪಡೆಯುವವರು ರಾಜ್ಯ ಜೀವವೈವಿಧ್ಯ ಮಂಡಳಿಗೆ ಮುಂಚಿತವಾಗಿ ಮಾಹಿತಿ ನೀಡಬೇಕು. ಆ ಪ್ರದೇಶದ ಸ್ಥಳೀಯ ಜನರಿಗೆ, ಬೆಳೆಗಾರರಿಗೆ ಮತ್ತು ಜೀವನೋಪಾಯಕ್ಕಾಗಿ ವೃತ್ತಿ ನಡೆಸುವ ವೈದ್ಯರು ಹಾಗೂ ಹಕೀಮರಿಗೆ ಇದರಿಂದ ವಿನಾಯಿತಿ ಇದೆ. 2023ರಲ್ಲಿ ಅಧಿನಿಯಮಕ್ಕೆ ತಿದ್ದುಪಡಿಯಾಗಿದ್ದು ನೋಂದಾಯಿತ ಆಯುಷ್ ವೈದ್ಯರು ಮತ್ತು ಕೃಷಿ ಮಾಡಿದ ಔಷಧೀಯ ಸಸ್ಯಗಳಿಗೂ ವಿನಾಯಿತಿ ನೀಡಲಾಗಿದೆ. ಕರ್ನಾಟಕದಲ್ಲಿ ಜೀವವೈವಿಧ್ಯ ಮಂಡಳಿಯು 2003ರಲ್ಲಿ ಸ್ಥಾಪನೆಯಾಗಿದೆ.

ಅರಣ್ಯ ಹಕ್ಕುಗಳ ಅಧಿನಿಯಮ, 2006: ಅನುಸೂಚಿತ ಬುಡಕಟ್ಟುಗಳು ಮತ್ತು ಇತರೆ ಪಾರಂಪರಿಕ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಹಕ್ಕುಗಳನ್ನು ಮಾನ್ಯ ಮಾಡುತ್ತದೆ. ಹಕ್ಕುಪತ್ರ ಹೊಂದಿರುವವರು ಅದರ ಷರತ್ತುಗಳಂತೆ ನಡೆದುಕೊಳ್ಳತಕ್ಕದ್ದು.

8. ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸುವ ಕ್ರಮ

ಜೀವವೈವಿಧ್ಯ ಅಧಿನಿಯಮದ 41ನೇ ಪ್ರಕರಣದಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸ್ಥಳೀಯ ಜನರೊಂದಿಗೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಈ ಸಮಿತಿಯ ಮುಖ್ಯ ಕಾರ್ಯ. ತನ್ನ ವ್ಯಾಪ್ತಿಯಿಂದ ವಾಣಿಜ್ಯ ಉದ್ದೇಶಕ್ಕೆ ಜೈವಿಕ ಸಂಪನ್ಮೂಲ ಸಂಗ್ರಹಿಸುವವರಿಂದ ಶುಲ್ಕ ವಿಧಿಸುವ ಅಧಿಕಾರವೂ ಸಮಿತಿಗಿದೆ. ದೇಶದ ಎಲ್ಲ ಸ್ಥಳೀಯ ಸಂಸ್ಥೆಗಳಲ್ಲಿ ಈ ದಾಖಲಾತಿ ಪೂರ್ಣಗೊಳ್ಳಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿತ್ತು. ಆದರೆ ಇದು ಒಮ್ಮೆ ಬರೆದು ಕಪಾಟಿನಲ್ಲಿಡುವ ಪುಸ್ತಕವಲ್ಲ. ಹೊಸ ಮಾಹಿತಿ ದೊರೆತಂತೆ ಸೇರಿಸುತ್ತ ಹೋಗಬೇಕಾದ ದಾಖಲೆ.

ಯಾವುದೇ ಗ್ರಾಮಸ್ಥರು, ವಿದ್ಯಾರ್ಥಿಗಳು, ಶಿಕ್ಷಕರು, ಕುರಿಗಾಹಿಗಳು, ನಾಟಿವೈದ್ಯರು ಅಥವಾ ಸ್ವಸಹಾಯ ಸಂಘದ ಸದಸ್ಯರು ಮಾಹಿತಿ ನೀಡಬಹುದು. ಅನುಸರಿಸಬೇಕಾದ ಕ್ರಮ:

(1) ಗಿಡವನ್ನು ಕೀಳದೆ, ಕೊಂಬೆ ಮುರಿಯದೆ ಅದು ಇರುವ ಸ್ಥಳದಲ್ಲಿಯೇ ಛಾಯಾಚಿತ್ರ ತೆಗೆಯುವುದು. ಇಡೀ ಗಿಡ, ಎಲೆಯ ತುದಿ, ಮುಳ್ಳು, ಹೂ ಅಥವಾ ಹಣ್ಣು ಇವುಗಳ ಪ್ರತ್ಯೇಕ ಚಿತ್ರಗಳಿದ್ದರೆ ಗುರುತಿಸಲು ಅನುಕೂಲ.

(2) ಗ್ರಾಮದ ಹೆಸರು, ಸರ್ವೆ ನಂಬರು ತಿಳಿದಿದ್ದಲ್ಲಿ ಅದು, ಅಥವಾ ಗುಡ್ಡ, ಕೆರೆ, ದೇವಸ್ಥಾನ ಮುಂತಾದ ಸ್ಪಷ್ಟ ಗುರುತು ಬರೆದುಕೊಳ್ಳುವುದು.

(3) ಗಿಡಕ್ಕೆ ಊರಿನಲ್ಲಿ ಹೇಳುವ ಹೆಸರನ್ನು ಆಡುಮಾತಿನಲ್ಲಿ ಹೇಗಿದೆಯೋ ಹಾಗೆಯೇ ಬರೆಯುವುದು. "ಶುದ್ಧ" ಮಾಡಿ ಬದಲಿಸುವ ಅಗತ್ಯವಿಲ್ಲ.

(4) ಅಂದಾಜು ಗಿಡಗಳ ಸಂಖ್ಯೆ, ಎಳೆಯ ಸಸಿಗಳು ಇವೆಯೇ ಇಲ್ಲವೇ, ಹೂ ಮತ್ತು ಹಣ್ಣು ಬಿಡುವ ತಿಂಗಳು ಇವುಗಳನ್ನು ನಮೂದಿಸುವುದು. ದೊಡ್ಡ ಗಿಡಗಳಿದ್ದು ಎಳೆಯ ಸಸಿಗಳಿಲ್ಲದಿದ್ದರೆ ಅದನ್ನು ವಿಶೇಷವಾಗಿ ತಿಳಿಸುವುದು.

(5) ಬಳಕೆಯ ಬಗ್ಗೆ ಹಿರಿಯರು ಅಥವಾ ನಾಟಿವೈದ್ಯರು ತಿಳಿಸಿದ ಮಾಹಿತಿ ಇದ್ದಲ್ಲಿ ಅವರ ಒಪ್ಪಿಗೆ ಪಡೆದು ಅವರ ಹೆಸರಿನೊಂದಿಗೆ ಸೇರಿಸುವುದು. ಮಾಹಿತಿಯನ್ನು ಗೌಪ್ಯವಾಗಿ ಇಡಬೇಕೆಂದು ಅವರು ಕೋರಬಹುದು.

(6) ಮೇಲ್ಕಂಡ ವಿವರಗಳೊಂದಿಗೆ ಬಿಳಿಯ ಹಾಳೆಯಲ್ಲಿ ಬರೆದ ಮನವಿಯನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಯ ಅಧ್ಯಕ್ಷರ ಹೆಸರಿಗೆ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಪಟ್ಟಣ ಪ್ರದೇಶದವರು ತಮ್ಮ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ಸಲ್ಲಿಸಬಹುದು.

ದಾಖಲಾತಿಯಲ್ಲಿ ಸೇರಿದ ಸಸ್ಯದ ಸ್ಥಳದಲ್ಲಿ ಮುಂದೆ ರಸ್ತೆ, ಕೆರೆ ಹೂಳೆತ್ತುವಿಕೆ, ನಿವೇಶನ ಅಥವಾ ಗಣಿಯ ಪ್ರಸ್ತಾವನೆ ಬಂದಾಗ ಗ್ರಾಮಸಭೆಯಲ್ಲಿ ತೋರಿಸಲು ಲಿಖಿತ ಆಧಾರ ದೊರೆಯುತ್ತದೆ. ದಾಖಲೆಯಲ್ಲಿ ಇಲ್ಲದ ಗಿಡವನ್ನು ಇತ್ತೆಂದು ಅನಂತರ ಸಾಧಿಸುವುದು ಕಷ್ಟ.

9. ಸಸಿಗಳನ್ನು ಬೆಳೆಸುವ ಬಗ್ಗೆ

ಕಾಡುನಿಂಬೆಯನ್ನು ಬೀಜದಿಂದ ಬೆಳೆಸಬಹುದು. ನಿಂಬೆ ಕುಟುಂಬದ ಅನೇಕ ಸಸ್ಯಗಳ ಬೀಜಗಳು ಒಣಗಿದರೆ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತವೆ. ಆದ್ದರಿಂದ ಮಾಗಿದ ಹಣ್ಣಿನಿಂದ ತೆಗೆದ ಬೀಜವನ್ನು ತೊಳೆದು, ನೆರಳಿನಲ್ಲಿ ಆರಿಸಿ, ವಿಳಂಬ ಮಾಡದೆ ಬಿತ್ತುವುದು ಸೂಕ್ತ. ಮರಳು, ಕೆಂಪು ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿದ, ನೀರು ನಿಲ್ಲದ ಮಿಶ್ರಣವನ್ನು ಬಳಸಬೇಕು. ಸಸಿ ನಿಧಾನವಾಗಿ ಬೆಳೆಯುವುದರಿಂದ ಮೊದಲ ಎರಡು ಬೇಸಿಗೆಗಳಲ್ಲಿ ನೀರು ಮತ್ತು ದನಕರುಗಳಿಂದ ರಕ್ಷಣೆ ಅವಶ್ಯಕ. ಗಿಡದ ಎಲ್ಲ ಹಣ್ಣುಗಳನ್ನೂ ಕೀಳದೆ ಬಹುಭಾಗವನ್ನು ಹಕ್ಕಿ ಮತ್ತು ಪ್ರಾಣಿಗಳಿಗಾಗಿ ಬಿಡುವುದು.

ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಸಾರ್ವಜನಿಕ ವಿತರಣೆಗಾಗಿ ಸಸಿಗಳನ್ನು ಬೆಳೆಸಲಾಗುತ್ತದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ ರೈತರಿಗೆ ರಿಯಾಯಿತಿ ದರದಲ್ಲಿ ಸಸಿಗಳನ್ನು ನೀಡಿ, ಬದುಕುಳಿದ ಸಸಿಗಳಿಗೆ ಪ್ರೋತ್ಸಾಹಧನ ನೀಡುವ ಪದ್ಧತಿಯಿದೆ. ಯಾವ ಜಾತಿಯ ಸಸಿಗಳು ಲಭ್ಯವೆಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಮಳೆಗಾಲಕ್ಕೆ ಸಾಕಷ್ಟು ಮೊದಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ಬೇಡಿಕೆ ಸಲ್ಲಿಸುವುದು ಒಳಿತು. ಬೇಡಿಕೆಯಿಲ್ಲದ ಜಾತಿಯನ್ನು ಸಸ್ಯಕ್ಷೇತ್ರಗಳಲ್ಲಿ ಬೆಳೆಸುವುದು ವಿರಳ. ಶಾಲಾ ಆವರಣ, ದೇವಸ್ಥಾನದ ಪ್ರಾಂಗಣ ಮತ್ತು ಹೊಲದ ಬದುಗಳಿಗೆ ಸ್ಥಳೀಯ ಪೊದೆಗಿಡಗಳನ್ನು ಕೇಳಿ ಪಡೆಯುವುದು ಸಾರ್ವಜನಿಕರ ಕೈಯಲ್ಲಿದೆ.

10. ಸಾಮಾನ್ಯವಾಗಿ ಉದ್ಭವಿಸುವ ಪ್ರಶ್ನೆಗಳು

ಪ್ರಶ್ನೆ: ನನ್ನ ಹೊಲದ ಬದುವಿನಲ್ಲಿ ಈ ಗಿಡವಿದೆ. ದಾಖಲಾತಿಯಲ್ಲಿ ಸೇರಿಸಿದರೆ ಜಮೀನಿನ ಮೇಲಿನ ನನ್ನ ಹಕ್ಕಿಗೆ ಧಕ್ಕೆ ಬರುತ್ತದೆಯೇ?
ಉತ್ತರ: ಇಲ್ಲ. ಜೀವವೈವಿಧ್ಯ ದಾಖಲಾತಿಯು ಭೂದಾಖಲೆಯಲ್ಲ. ಅದರಿಂದ ಮಾಲೀಕತ್ವ ಬದಲಾಗುವುದಿಲ್ಲ.

ಪ್ರಶ್ನೆ: ಕಾಡಿನಿಂದ ಒಂದು ಗಿಡವನ್ನು ಕಿತ್ತು ತಂದು ಮನೆಯ ಅಂಗಳದಲ್ಲಿ ನೆಡಬಹುದೇ?
ಉತ್ತರ: ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಕೀಳುವಂತಿಲ್ಲ. ಅಲ್ಲದೆ ಕಲ್ಲುಸಂದಿಯಲ್ಲಿ ಆಳವಾಗಿ ಬೇರೂರಿದ ಬೆಳೆದ ಗಿಡವು ಕಿತ್ತು ನೆಟ್ಟಾಗ ಉಳಿಯುವ ಸಂಭವ ಕಡಿಮೆ. ಬೀಜದಿಂದ ಬೆಳೆಸುವುದೇ ಸರಿಯಾದ ಮಾರ್ಗ.

ಪ್ರಶ್ನೆ: ಬದು ಸ್ವಚ್ಛಗೊಳಿಸುವುದು ಅನಿವಾರ್ಯವಾಗಿದೆ. ಏನು ಮಾಡಬೇಕು?
ಉತ್ತರ: ಯಂತ್ರ ಬರುವ ಮೊದಲು ಉಳಿಸಬೇಕಾದ ಗಿಡಗಳಿಗೆ ಬಣ್ಣದ ಬಟ್ಟೆ ಕಟ್ಟಿ ಗುರುತು ಮಾಡುವುದು. ಸವರುವುದು ಅಗತ್ಯವಾದಲ್ಲಿ ಬುಡ ಬಿಟ್ಟು ಮೇಲಿನ ಕೊಂಬೆಗಳನ್ನು ಮಾತ್ರ ಸವರುವುದು.

ಪ್ರಶ್ನೆ: ವ್ಯಾಪಾರಿಗಳು ಬಂದು ಹಣ್ಣು ಅಥವಾ ಬೇರು ಸಂಗ್ರಹಿಸಿಕೊಡುವಂತೆ ಕೇಳಿದರೆ?
ಉತ್ತರ: ಅವರು ಮಂಡಳಿಗೆ ಮಾಹಿತಿ ನೀಡಿದ್ದಾರೆಯೇ ಎಂಬುದನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ವಿಚಾರಿಸುವುದು. ಬೇರು ಕೀಳುವುದರಿಂದ ಗಿಡವೇ ನಾಶವಾಗುವುದರಿಂದ ಅದಕ್ಕೆ ಅವಕಾಶ ನೀಡದಿರುವುದು ಒಳಿತು.

ಪ್ರಶ್ನೆ: ಗ್ರಾಮದ ದಾಖಲಾತಿಯಲ್ಲಿ ಯಾವ ಸಸ್ಯಗಳಿವೆ ಎಂದು ತಿಳಿಯುವುದು ಹೇಗೆ?
ಉತ್ತರ: ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಕೇಳಿ ನೋಡಬಹುದು. ಅಗತ್ಯವಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು. ಗೌಪ್ಯವೆಂದು ಗುರುತಿಸಿದ ಪಾರಂಪರಿಕ ಜ್ಞಾನದ ವಿವರಗಳಿಗೆ ಇದು ಅನ್ವಯಿಸದಿರಬಹುದು.

11. ಸಾರ್ವಜನಿಕರಲ್ಲಿ ಮನವಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ನಾಗರಿಕರು ತಮ್ಮ ಗ್ರಾಮದ ಗುಡ್ಡ, ಕೆರೆದಂಡೆ, ಬನ ಮತ್ತು ಬದುಗಳಲ್ಲಿರುವ ಕಾಡುನಿಂಬೆಯನ್ನು ಗುರುತಿಸಿ ದಾಖಲಿಸಬೇಕೆಂದು ಕೋರಲಾಗಿದೆ. ಸಸಿ ವಿತರಣೆ ಮತ್ತು ಮರ ಕಡಿಯುವ ಅನುಮತಿಗೆ ಸಂಬಂಧಿಸಿದಂತೆ ಆಯಾ ತಾಲ್ಲೂಕಿನ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು, ದಾಖಲಾತಿಗೆ ಸಂಬಂಧಿಸಿದಂತೆ ಗ್ರಾಮ ಪಂಚಾಯಿತಿಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು ಕಚೇರಿಯ ವೇಳೆಯಲ್ಲಿ ಸಂಪರ್ಕಿಸಬಹುದು. ಅರ್ಜಿಯೊಂದಿಗೆ ಛಾಯಾಚಿತ್ರ ಲಗತ್ತಿಸಿದಲ್ಲಿ ಪರಿಶೀಲನೆ ಸುಲಭವಾಗುತ್ತದೆ. ಹೂ ಅಥವಾ ಹಣ್ಣು ಇಲ್ಲದ ಕಾಲದಲ್ಲಿ ಗುರುತು ಖಚಿತವಾಗದಿದ್ದರೆ ಎಲೆಯ ವಿವರಗಳನ್ನು ಬರೆದಿಟ್ಟುಕೊಂಡು, ಹೂ ಬಿಟ್ಟ ನಂತರ ಅದೇ ಸ್ಥಳಕ್ಕೆ ಮತ್ತೊಮ್ಮೆ ಭೇಟಿ ನೀಡಿ ಮಾಹಿತಿಯನ್ನು ಪೂರ್ಣಗೊಳಿಸತಕ್ಕದ್ದು.